ಗುಂಪಲ್ಲಿ ಗೋವಿಂದ ಅಂತ ನಾನೂ ಕೈ ಎತ್ತಿಬಿಟ್ಟೆ, ಯಾಕೆ ಹೀಗಾಗುತ್ತೆ?

ತುಂಗೆತೀರ · ಶನಿವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಒದ್ದಾಡಿದೀನಿ, ಮನೇಲಿ ಹೇಳಿದ್ರೆ "ಬಿಡು, ಆಗಿದ್ದು ಆಯ್ತು" ಅಂತಾರೆ, ಆದ್ರೆ ನಂಗೆ ಬಿಡೋಕಾಗ್ತಿಲ್ಲ.

ನಾನು ಒಂದು ಪ್ರೈವೇಟ್ ಸ್ಕೂಲಲ್ಲಿ ಮೂರನೇ ಕ್ಲಾಸಿಗೆ ಟೀಚರ್. ಗುರುವಾರ ಸ್ಟಾಫ್ ಮೀಟಿಂಗ್ ಇತ್ತು, ಸ್ಕೂಲ್ ಡೇ ಬಗ್ಗೆ. ಮ್ಯಾನೇಜ್‌ಮೆಂಟ್ ಕಡೆಯೋರು ಒಬ್ರು ಬಂದು, ಫೀಸ್ ಬಾಕಿ ಇರೋ ಮಕ್ಕಳನ್ನ ಡ್ಯಾನ್ಸಿಂದ ಬಿಡೋಣ, ಆಗ ಅಪ್ಪ ಅಮ್ಮ ತಾವಾಗೇ ಬಂದು ಕಟ್ತಾರೆ, ಏನಂತೀರಾ ಅಂದ್ರು. ಒಟ್ಟು ಹದಿನಾಲ್ಕು ಜನ ಟೀಚರ್ಸ್ ಇದ್ವಿ. ಆ ಕಡೆ ತುದಿಯಿಂದ ಶುರು ಮಾಡಿದ್ರು, ಸೀನಿಯರ್ ಒಬ್ರು "ಸರಿ ಸರ್" ಅಂದ್ರು, ಪಕ್ಕದವರು "ಹೌದು ಸರ್, ಬೇರೆ ದಾರಿ ಇಲ್ಲ" ಅಂದ್ರು, ಹಾಗೇ ಒಬ್ಬೊಬ್ರೇ ಹೇಳ್ತಾ ಹೇಳ್ತಾ ನನ್ನ ಹತ್ರ ಬರೋಷ್ಟ್ರಲ್ಲಿ ಹತ್ತು ಜನ ಆಗಿತ್ತು. ನನ್ನ ಕ್ಲಾಸಲ್ಲೇ ಅಂಥ ಮಕ್ಕಳು ಮೂರು ಜನ ಇದಾರೆ. ಅದರಲ್ಲಿ ಒಬ್ಬ ಹುಡುಗ ತಿಂಗಳಿಂದ ಕೋಲಾಟ ಪ್ರಾಕ್ಟೀಸ್ ಮಾಡ್ತಾ ಇದ್ದಾನೆ, ಊಟದ ಬಿಡುವಲ್ಲೂ ಎರಡು ಸ್ಕೇಲ್ ಹಿಡ್ಕೊಂಡು ಬಡೀತಿರ್ತಾನೆ. ಅವನ ಮುಖ ನನ್ನ ಕಣ್ಣ ಮುಂದೇನೇ ಇತ್ತು, ಇದು ತಪ್ಪು ಅಂತ ನಂಗೆ ನೂರಕ್ಕೆ ನೂರು ಗೊತ್ತಿತ್ತು, ಆದ್ರೂ ಬಾಯಿಂದ ಬಂದಿದ್ದು "ಸರಿ ಸರ್". ಆಮೇಲೆ ಒಮ್ಮತ ಅಂತ ಬರ್ಕೋಬೇಕು ಕೈ ಎತ್ತಿ ಅಂದಾಗ ಕೈನೂ ಎತ್ತಿದೆ.

ಯಾರೂ ನನ್ನ ಹೆದರಿಸಿರಲಿಲ್ಲ. ಕೆಲಸದಿಂದ ತೆಗೀತೀವಿ ಅಂತ ಯಾರೂ ಅಂದಿರಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಕೈ ತೊಳೆಯೋ ನಲ್ಲಿ ಹತ್ರ ನಿಂತಿದ್ದಾಗ ಗಣಿತದ ಮೇಡಂ ಬಂದು ಮೆಲ್ಲಗೆ "ನಂಗೂ ಇಷ್ಟ ಇರ್ಲಿಲ್ಲ ಕಣ್ರೀ" ಅಂದ್ರು. ಬಸ್ ಸ್ಟಾಪಲ್ಲಿ ಇನ್ನೊಬ್ರು ಅದನ್ನೇ ಅಂದ್ರು. ಹಂಗಾದ್ರೆ ಒಳಗೆ ಕೂತು ಒಪ್ಕೊಂಡಿದ್ದು ಯಾರು? ಇದಕ್ಕೆ ಮನಃಶಾಸ್ತ್ರದಲ್ಲಿ ಏನಾದ್ರೂ ಉತ್ತರ ಇದ್ಯಾ, ಗೊತ್ತಿದ್ದೋರು ದಯವಿಟ್ಟು ಹೇಳಿ.

ಸಾಗರದಕಡೆಯವ · ಶನಿವಾರ ರಾತ್ರಿ 10:31

ಟೀಚರ್, ನಿಮ್ಮ ಪೋಸ್ಟ್ ಓದಿ ಹೊಟ್ಟೆ ಕಲಸಿದಂಗಾಯ್ತು. ನಾನು ಚಿಕ್ಕೋನಿದ್ದಾಗ ಫೀಸ್ ಕಟ್ಟಿಲ್ಲ ಅಂತ ಕ್ಲಾಸಿಂದ ಆಚೆ ನಿಂತಿದೀನಿ, ನಲವತ್ತು ವರ್ಷ ಆದ್ರೂ ಆ ಬಾಗಿಲು ಮರೆತಿಲ್ಲ. ನಿಮ್ಮನ್ನ ಬೈಯೋಕೆ ಹೇಳ್ತಿಲ್ಲ. ನೀವು ಕೇಳಿದ ಪ್ರಶ್ನೆ ದೊಡ್ಡದು, ನಂಗೂ ಉತ್ತರ ಬೇಕು.

ಮೈಸೂರುಮೇಷ್ಟ್ರು · ಶನಿವಾರ ರಾತ್ರಿ 11:20

ಟೀಚರ್ ಅವರೇ, ನಾನು ಕಾಲೇಜಲ್ಲಿ ಇಪ್ಪತ್ತೆಂಟು ವರ್ಷ ಮನಃಶಾಸ್ತ್ರ ಪಾಠ ಮಾಡಿ ರಿಟೈರ್ ಆದೋನು. ನೀವು ಮೀಟಿಂಗ್ ಅಂತ ಹೇಳಿದ್ರಲ್ಲ, ಒಂದು ತುದಿಯಿಂದ ಒಬ್ಬೊಬ್ರೇ ಜೋರಾಗಿ ಹೇಳ್ತಾ ಬರೋದು, ನೀವು ಕೊನೆ ಹತ್ರ ಕೂತಿರೋದು, ಇದನ್ನ ಓದ್ತಿದ್ದಂಗೆ ನಂಗೆ ಸಾಲೊಮನ್ ಆಶ್ ನೆನಪಾದ್ರು. ಬಹುತೇಕ ಅದೇ ವ್ಯವಸ್ಥೆ.

ಆಶ್ ಹುಟ್ಟಿದ್ದು 1907ರಲ್ಲಿ ವಾರ್ಸಾದಲ್ಲಿ, ಹುಡುಗ ಆಗಿದ್ದಾಗಲೇ ಅಮೆರಿಕಕ್ಕೆ ಹೋದ್ರು. 1950ರ ದಶಕದಲ್ಲಿ ಸ್ವಾರ್ಥ್‌ಮೋರ್ ಕಾಲೇಜಲ್ಲಿ ಇದ್ದಾಗ ಮಾಡಿದ ಪ್ರಯೋಗ ಇದು. ಏಳರಿಂದ ಒಂಬತ್ತು ಜನ ಕಾಲೇಜು ಹುಡುಗರನ್ನ ಒಂದು ರೂಮಲ್ಲಿ ಕೂರಿಸ್ತಾರೆ. ಕಣ್ಣಿನ ಪರೀಕ್ಷೆ ಅಂತ ಹೇಳಿರ್ತಾರೆ. ಒಂದು ಕಾರ್ಡಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ, ಆ ಮೂರರಲ್ಲಿ ಯಾವುದು ಮೊದಲನೇ ಗೆರೆಯಷ್ಟು ಉದ್ದ ಇದೆ ಅಂತ ಹೇಳಬೇಕು ಅಷ್ಟೆ. ಉಳಿದ ಎರಡು ಗೆರೆಗಳು ಮುಕ್ಕಾಲು ಇಂಚಿಂದ ಒಂದು ಮುಕ್ಕಾಲು ಇಂಚಿನವರೆಗೆ ವ್ಯತ್ಯಾಸ ಇರೋವು, ಅಂದ್ರೆ ನಿಮ್ಮ ಮೂರನೇ ಕ್ಲಾಸ್ ಮಕ್ಕಳೂ ಸರಿಯಾಗಿ ಹೇಳ್ತಾರೆ. ಒಬ್ಬರೇ ಕೂತು ಹೇಳುವಾಗ ತಪ್ಪು ನೂರಕ್ಕೆ ಒಂದಕ್ಕಿಂತಲೂ ಕಮ್ಮಿ.

ಆದ್ರೆ ಆ ರೂಮಲ್ಲಿ ನಿಜವಾದ ಅಭ್ಯರ್ಥಿ ಒಬ್ಬನೇ. ಉಳಿದೋರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದೋರು. ಮೊದಲ ಎರಡು ಸಲ ಎಲ್ಲರೂ ಸರಿ ಹೇಳ್ತಾರೆ. ಮೂರನೇ ಸಲ ಮೊದಲನೆಯೋನು ಕಣ್ಣಿಗೆ ರಾಚೋ ಹಂಗೆ ತಪ್ಪು ಹೇಳ್ತಾನೆ, ಎರಡನೆಯೋನೂ ಅದನ್ನೇ ಹೇಳ್ತಾನೆ, ಹಂಗೇ ಬರುತ್ತೆ. ಹದಿನೆಂಟು ಸುತ್ತಲ್ಲಿ ಹನ್ನೆರಡು ಸುತ್ತು ಹೀಗೆ. ಪಾಪ ಆ ಹುಡುಗ ಕುತ್ತಿಗೆ ಮುಂದೆ ಚಾಚಿ ನೋಡ್ತಾನೆ, ಕಣ್ಣು ಉಜ್ಕೋತಾನೆ, ಪೇಚಾಡ್ತಾನೆ. ಒಟ್ಟು 123 ಜನರ ಮೇಲೆ ಮಾಡಿದಾಗ ಆ ಸುತ್ತುಗಳ ಉತ್ತರಗಳಲ್ಲಿ 36.8% ಗುಂಪಿನ ಹಾಗೇ ತಪ್ಪು ಬಂದ್ವು. ನಾಲ್ಕರಲ್ಲಿ ಸುಮಾರು ಮೂರು ಜನ ಒಂದು ಸಲನಾದ್ರೂ ಜಾರಿದ್ರು.

ಗೆರೆ ಉದ್ದ ಹೇಳಿದ್ರೆ ಯಾರ ಗಂಟೂ ಹೋಗಲ್ಲ. ಸಂಬಳ ಕೊಡೋರು ಅಲ್ಲಿ ಇಲ್ಲ, ಅಕ್ಕಪಕ್ಕದೋರು ಗುರುತಿಲ್ಲದೋರು. ಅಂಥ ಕಡೆನೇ ಹಿಂಗಾದ್ರೆ, ದಿನಾ ಜೊತೆಗೆ ಊಟ ಮಾಡೋ ಹತ್ತು ಜನ ಸಹೋದ್ಯೋಗಿಗಳು ಹೇಳಿದ ಮೇಲೆ ನಿಮ್ಮ ಬಾಯಿಂದ "ಸರಿ ಸರ್" ಬಂದಿದ್ದು ನೀವು ಹೇಡಿ ಅನ್ನೋದಕ್ಕೆ ಸಾಕ್ಷಿ ಅಲ್ಲ ಅಮ್ಮ.

ತುಂಗೆತೀರ · ಶನಿವಾರ ರಾತ್ರಿ 11:41

ಸರ್, ತುಂಬಾ ಥ್ಯಾಂಕ್ಸ್. ಆ ಕುತ್ತಿಗೆ ಚಾಚಿ ನೋಡಿದ ಹುಡುಗ ನಾನೇ ಅನ್ನಿಸ್ತು. ಆದ್ರೆ ಒಂದು ಕೇಳ್ಲಾ, ಆ ಹುಡುಗರು ಯಾಕೆ ಹಾಗೆ ಹೇಳಿದ್ರು ಅಂತ ಆಮೇಲೆ ಯಾರಾದ್ರೂ ಅವರನ್ನ ಕೇಳಿದ್ರಾ?

ಮೈಸೂರುಮೇಷ್ಟ್ರು · ಭಾನುವಾರ ಬೆಳಗ್ಗೆ 6:50

ಕೇಳಿದ್ರು, ಆಶ್ ಅವರ ಕೆಲಸದಲ್ಲಿ ನಂಗೆ ತುಂಬಾ ಇಷ್ಟ ಆಗೋದು ಅದೇ. ಪ್ರತಿಯೊಬ್ಬರನ್ನೂ ಕೂರಿಸ್ಕೊಂಡು ಮಾತಾಡಿಸಿದಾರೆ. ಕೆಲವರು "ನಾನೇ ತಪ್ಪು, ಅವರೇ ಸರಿ" ಅಂತ ಬೇಗ ತೀರ್ಮಾನಕ್ಕೆ ಬಂದ್ಬಿಟ್ಟಿದ್ರು. ಇನ್ನು ಕೆಲವರು ನಿಮ್ಮ ಪ್ರಯೋಗ ಕೆಡಬಾರದು ಅಂತ ಹಾಗೆ ಹೇಳಿದೆ ಅಂದ್ರು. ಮೊದಲನೆಯೋನು ಹೇಳಿದ್ದನ್ನ ಉಳಿದೋರು ಕುರಿ ಥರ ಹೇಳ್ತಿದಾರೆ ಅಂತ ಅನುಮಾನ ಬಂದಿದ್ದೋರೂ ಇದ್ರು, ಅನುಮಾನ ಇದ್ರೂ ತಾವೂ ಅದನ್ನೇ ಹೇಳಿದ್ರು. ನನ್ನ ಮನಸ್ಸಿಗೆ ನಾಟಿದ್ದು ಮತ್ತೊಂದು ಗುಂಪು, ತಮ್ಮ ಕಣ್ಣಲ್ಲೇ ಏನೋ ಐಬಿದೆ, ಅದು ಬೇರೆಯೋರಿಗೆ ಗೊತ್ತಾಗಬಾರದು, ಹೇಗಾದ್ರೂ ಮುಚ್ಚಿಡಬೇಕು ಅಂದ್ಕೊಂಡೋರು. ಮತ್ತೆ ಜಾರಿದೋರೆಲ್ಲ, ತಾವು ಎಷ್ಟು ಸಲ ಜಾರಿದ್ವಿ ಅನ್ನೋದನ್ನ ಇದ್ದಿದ್ದಕ್ಕಿಂತ ಕಮ್ಮಿ ಅಂದಾಜು ಮಾಡಿದ್ರು.

1955ರಲ್ಲಿ ಡಾಯ್ಚ್ ಮತ್ತೆ ಜೆರಾರ್ಡ್ ಅನ್ನೋ ಇಬ್ಬರು ಇದನ್ನ ಎರಡಾಗಿ ಬಿಡಿಸಿ ಹೇಳಿದ್ರು. ಒಂದು, ಇಷ್ಟು ಜನ ಹೇಳ್ತಿದಾರೆ ಅಂದ್ಮೇಲೆ ಅವರಿಗೆ ಏನೋ ಗೊತ್ತಿರಬೇಕು ಅಂತ ನಂಬೋದು. ಇನ್ನೊಂದು, ನಾಲ್ಕು ಜನ ಏನಂತಾರೋ ಅನ್ನೋದು. ಮೊದಲನೆಯದರಲ್ಲಿ ಮನಸ್ಸೇ ಬದಲಾಗುತ್ತೆ, ಎರಡನೆಯದರಲ್ಲಿ ಬಾಯಿ ಮಾತ್ರ. ನಿಮ್ಮದು ಎರಡನೆಯದು ಟೀಚರ್, ಅದಕ್ಕೇ ನಿಮಗೆ ನಿದ್ದೆ ಬರ್ತಿಲ್ಲ.

ಧಾರವಾಡಫೇಡಾ · ಭಾನುವಾರ ಬೆಳಗ್ಗೆ 9:05

ಮೇಷ್ಟ್ರ, ಆ ಮೊದಲನೇದು ಐತಲ್ಲ, ಮನಸ್ಸೇ ಬದಲಾಗೋದು, ಅದರದ್ದೊಂದು ನಾ ಹೇಳ್ತೀನಿ ಕೇಳ್ರಿ.

1995 ಸಪ್ಟೆಂಬರ್ 21, ಗಣಪತಿ ಹಾಲು ಕುಡಿದ ದಿನ. ಇಲ್ಲಿ ಭಾಳ ಮಂದಿಗೆ ನೆನಪ ಇರ್ತದ. ನಾ ಆವಾಗ ಐದನೇತ್ತೆ ಇದ್ದೆ. ಮೊಬೈಲ್ ಇಲ್ಲ ಏನಿಲ್ಲ, ಬರೇ ಫೋನಿನ ಮ್ಯಾಲೆ ಸುದ್ದಿ ದೆಹಲಿಯಿಂದ ಒಂದೇ ದಿನದಾಗ ದೇಶ ತುಂಬಾ ಹಬ್ಬಿತು, ಹೊರದೇಶದ ಗುಡಿಗಳಿಗೂ ಮುಟ್ಟಿತು. ನಮ್ಮವ್ವ ಚರಗಿ ತುಂಬ ಹಾಲು ತೊಗೊಂಡು ನನ್ನ ಕೈ ಹಿಡ್ಕೊಂಡು ಗುಡಿಗೆ ಹೋದ್ಲು. ಪಾಳಿ ಓಣಿ ದಾಟಿ ನಿಂತಿತ್ತು. ನನ್ನ ಪಾಳಿ ಬಂದಾಗ ಚಮಚ ಸೊಂಡಿಲಿಗೆ ಹಚ್ಚಿದೆ, ಹಾಲು ಸಣ್ಣಂಗ ಕಮ್ಮಿ ಆತು. ನಾ ಕಣ್ಣಾರೆ ನೋಡೀನ್ರಿ. ಹಿಂದ ನಿಂತ ಮಂದಿ "ಕುಡದ, ಕುಡದ" ಅಂದ್ರು, ನಾನೂ ಒದರಿದೆ. ಮನಿಗೆ ಬಂದು ಮಲಗೋತನಕ ನನ್ನ ಮೈ ಜುಂ ಅನ್ನಕೋತ ಇತ್ತು.

ಸರ್ಕಾರದ ವಿಜ್ಞಾನಿಗಳು ಬಣ್ಣ ಹಾಕಿದ ಹಾಲು ಕೊಟ್ಟು ನೋಡಿದ್ರಂತ, ಹಾಲು ಮೂರ್ತಿ ಮೈ ಮ್ಯಾಲೆ ತೆಳ್ಳಗ ಜಾರಿ ಕೆಳಗ ಇಳೀತಿತ್ತು. ಮೇಲ್ಮೈ ಎಳೆತದಿಂದ ಚಮಚದ ಹಾಲು ಕಲ್ಲಿಗೆ ಹತ್ತತದ, ಅಷ್ಟ. ಆ ಹಾಲು ಮೂರ್ತಿ ಕೆಳಗ ಹರದಿದ್ದು ನಾನೂ ನೋಡಿದ್ನಿ, ನನ್ನ ಅಂಗಾಲಿಗೂ ಹತ್ತಿತ್ತು. ಆದ್ರ ಅದನ್ನ ಇದಕ್ಕ ಜೋಡಿಸಿ ನೋಡ್ಬೇಕು ಅಂತ ತಲಿಗೇ ಬರಲಿಲ್ಲ ನೋಡ್ರಿ. ನಾ ಸುಳ್ಳು ಹೇಳಿದ್ದಿಲ್ಲ, ಯಾರಿಗೂ ಅಂಜಿದ್ದಿಲ್ಲ. ಎಲ್ಲಾರೂ ಏನು ನೋಡಿದ್ರೋ ಅದನ್ನ ನಾನೂ ಖರೇನ ನೋಡಿದೆ. ನಮ್ಮವ್ವನ ಭಕ್ತಿ ಬಗ್ಗೆ ನನಗ ಇವತ್ತಿಗೂ ಗೌರವ ಐತಿ, ಅದು ಬ್ಯಾರೆ ಮಾತು. ನಾ ಹೇಳೋದು ಕಣ್ಣಿನ ಬಗ್ಗೆ.

ಮೈಸೂರುಮೇಷ್ಟ್ರು · ಭಾನುವಾರ ಬೆಳಗ್ಗೆ 9:48

ಫೇಡಾ ಅವರೇ, ಎಷ್ಟು ಚೆನ್ನಾಗಿ ಹೇಳಿದ್ರಿ. ನಿಮಗೆ ಒಂದು ಮಾತು ಹೇಳಲೇಬೇಕು, ಆಶ್ ಅವರ ಬಾಲ್ಯದಲ್ಲೂ ಇಂಥದ್ದೇ ಒಂದು ರಾತ್ರಿ ಇದೆ. ಯಹೂದಿಗಳ ಪಾಸೋವರ್ ಹಬ್ಬದ ದಿನ ಅವರಜ್ಜಿ ಒಂದು ಲೋಟ ದ್ರಾಕ್ಷಾರಸ ಜಾಸ್ತಿ ಸುರಿದಿಟ್ರಂತೆ. ಇದ್ಯಾರಿಗೆ ಅಂತ ಹುಡುಗ ಕೇಳಿದ್ದಕ್ಕೆ, ಪ್ರವಾದಿ ಎಲೀಜನಿಗೆ, ಅವನು ಬಂದು ಕುಡೀತಾನೆ, ಚೆನ್ನಾಗಿ ನೋಡ್ತಿರು ಅಂತ ಮನೆಯವರು ಅಂದ್ರು. ಹುಡುಗ ನೆಟ್ಟ ಕಣ್ಣಿಂದ ನೋಡ್ತಾ ಕೂತ, ಲೋಟದಲ್ಲಿ ಸ್ವಲ್ಪ ಇಳಿದ ಹಾಗೇ ಕಾಣಿಸ್ತು. ದೊಡ್ಡೋನಾದ ಮೇಲೆ ಅವರೇ ಇದನ್ನ ನೆನಸ್ಕೊಂಡು ಹೇಳಿದಾರೆ.

ನಿಮ್ಮದಕ್ಕೆ ಇನ್ನೂ ಹತ್ತಿರದ್ದು ಅಂದ್ರೆ ಮುಜಾಫರ್ ಶೆರಿಫ್, ಟರ್ಕಿಯವರು, 1935ರಲ್ಲಿ ಪ್ರಕಟಿಸಿದ ಕೆಲಸ. ಪೂರ್ತಿ ಕತ್ತಲಿರೋ ರೂಮಲ್ಲಿ ಒಂದು ಚಿಕ್ಕ ಬೆಳಕಿನ ಚುಕ್ಕೆ ತೋರಿಸ್ತಾರೆ. ಅದು ಅಲ್ಲಾಡಲ್ಲ, ಆದ್ರೆ ಸುತ್ತ ಏನೂ ಕಾಣದೇ ಇದ್ದಾಗ ಅಲ್ಲಾಡಿದ ಹಾಗೆ ಕಾಣುತ್ತೆ. ಎಷ್ಟು ಅಲ್ಲಾಡ್ತು ಅಂತ ಒಬ್ಬೊಬ್ಬರನ್ನೇ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಇಬ್ಬರು ಮೂವರನ್ನ ಒಟ್ಟಿಗೆ ಕೂರಿಸಿದ್ರೆ ಸುತ್ತು ಕಳೀತಾ ಕಳೀತಾ ಎಲ್ಲರ ಲೆಕ್ಕ ಒಂದೇ ಕಡೆ ಬಂದು ಸೇರುತ್ತೆ. ಆಮೇಲೆ ಮತ್ತೆ ಒಬ್ಬರೇ ಕೂತಾಗಲೂ ಗುಂಪಿನ ಲೆಕ್ಕಾನೇ ಹೇಳ್ತಾರೆ. ಅಂದ್ರೆ ಅದು ಒಳಗೆ ಇಳಿದುಬಿಟ್ಟಿರುತ್ತೆ. ವಿಷಯ ಎಷ್ಟು ಮಸುಕಾಗಿರುತ್ತೋ ಅಷ್ಟೂ ನಾವು ಪಕ್ಕದೋರ ಕಣ್ಣಿಂದ ನೋಡ್ತೀವಿ.

ಅಡ್ಡಮಾತು · ಭಾನುವಾರ ಬೆಳಗ್ಗೆ 11:15

ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ಯಾರೂ ತಪ್ಪು ತಿಳ್ಕೋಬೇಡಿ. ಎಪ್ಪತ್ತು ವರ್ಷದ ಹಿಂದೆ ಅಮೆರಿಕದ ಕಾಲೇಜು ಹುಡುಗರ ಮೇಲೆ, ಅದೂ ಬರೀ ಗಂಡು ಹುಡುಗರ ಮೇಲೆ ಮಾಡಿದ್ದನ್ನ ಹಿಡ್ಕೊಂಡು ಮನುಷ್ಯ ಸ್ವಭಾವನೇ ಇಷ್ಟು ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಅದು ಅಲ್ಲಿ ಕಮ್ಯುನಿಸ್ಟ್ ಅಂತ ಅನುಮಾನ ಬಂದ್ರೆ ಕೆಲಸ ಹೋಗ್ತಿದ್ದ ಕಾಲ, ಎಲ್ಲರೂ ಒಂದೇ ಥರ ಇರಬೇಕು ಅನ್ನೋ ಭಯ ಗಾಳಿಯಲ್ಲೇ ಇತ್ತು. 1980ರಲ್ಲಿ ಬ್ರಿಟನ್ನಿನಲ್ಲಿ ಪೆರಿನ್ ಮತ್ತು ಸ್ಪೆನ್ಸರ್ ಅನ್ನೋರು ಎಂಜಿನಿಯರಿಂಗ್, ಗಣಿತ, ಕೆಮಿಸ್ಟ್ರಿ ವಿದ್ಯಾರ್ಥಿಗಳ ಮೇಲೆ ಇದನ್ನೇ ಮಾಡಿ ನೋಡಿದಾಗ 396 ಸುತ್ತಲ್ಲಿ ಒಂದೇ ಒಂದು ಸಲ ಗುಂಪಿಗೆ ತಲೆಬಾಗಿದ್ದು ಕಂಡಿದೆ. ಅಳತೆ ಅನ್ನೋದು ಅವರ ಓದಿನ ಭಾಗ, ಅವರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಇತ್ತು.

ಇನ್ನೊಂದು ವಿಷಯ. ಎಲ್ಲಾ ಪುಸ್ತಕದಲ್ಲೂ 37% ಜಾರಿದ್ರು ಅಂತಲೇ ಬರೀತಾರೆ, ಉಳಿದ 63% ಉತ್ತರ ಸರಿ ಇತ್ತಲ್ಲ, ಅದನ್ನ ಯಾರೂ ದಪ್ಪಕ್ಷರದಲ್ಲಿ ಹಾಕಲ್ಲ. ನಾಲ್ಕರಲ್ಲಿ ಒಬ್ಬ ಹನ್ನೆರಡೂ ಸುತ್ತು ಒಬ್ಬನೇ ಗಟ್ಟಿಯಾಗಿ ನಿಂತ. ನಂಗೆ ಅವನ ಕಥೆ ಕೇಳಬೇಕು.

ಮೈಸೂರುಮೇಷ್ಟ್ರು · ಭಾನುವಾರ ಮಧ್ಯಾಹ್ನ 12:02

ನಿಮ್ಮ ಎರಡನೇ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆಶ್ ಅವರಿಗೂ ಜನ ಬುದ್ಧಿ ಇಲ್ಲದೆ ತಲೆಯಾಡಿಸ್ತಾರೆ ಅಂತ ತೋರಿಸೋ ಆಸೆ ಇರಲಿಲ್ಲ, ಸ್ಪಷ್ಟವಾಗಿರೋ ವಿಷಯದಲ್ಲಿ ಮನುಷ್ಯ ತನ್ನ ಕಣ್ಣನ್ನ ನಂಬ್ತಾನೆ ಅಂದ್ಕೊಂಡೇ ಶುರು ಮಾಡಿದ್ದು. ಗಟ್ಟಿ ನಿಂತೋರಿಗೂ ಒಳಗೆ ತಳಮಳ ಇತ್ತು, ಗುಂಪಿನ ಮಾತು ಅವರನ್ನೂ ಅಲ್ಲಾಡಿಸ್ತು, ಆದ್ರೆ ಅಲ್ಲಾಡಿದ ಮೇಲೆ ಮತ್ತೆ ತಮ್ಮ ಜಾಗಕ್ಕೆ ಬರೋ ಶಕ್ತಿ ಅವರಲ್ಲಿತ್ತು. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಒತ್ತಿ ಹೇಳ್ತಿದ್ದೆ.

ಮೊದಲನೇ ಮಾತಿಗೆ ಅರ್ಧ ಒಪ್ಪಿಗೆ. 1996ರಲ್ಲಿ ಬಾಂಡ್ ಮತ್ತೆ ಸ್ಮಿತ್ ಅನ್ನೋರು 17 ದೇಶಗಳಲ್ಲಿ ಆದ ಇದೇ ಥರದ 133 ಅಧ್ಯಯನ ಒಟ್ಟು ಹಾಕಿ ನೋಡಿದ್ರು. ಅಮೆರಿಕದಲ್ಲಿ 1950ರ ದಶಕದಿಂದೀಚೆಗೆ ಇದು ಕಮ್ಮಿ ಆಗ್ತಾ ಬಂದಿದೆ, ಮನೆ ಮಂದಿ ಸಮುದಾಯ ಅಂತ ಬದುಕೋ ಸಮಾಜಗಳಲ್ಲಿ ಜಾಸ್ತಿ ಇದೆ ಅಂತ ಕಂಡುಬಂತು. ಮಾಯ ಅಂತೂ ಆಗಿಲ್ಲ.

ಸಾಗರದಕಡೆಯವ · ಭಾನುವಾರ ಮಧ್ಯಾಹ್ನ 1:10

ಸಮುದಾಯ ಅಂದಾಗ ಒಂದು ಹೇಳ್ತೀನಿ ಸರ್. ಎಲ್ಲರ ಜೊತೆ ಹೋಗೋದನ್ನ ಬರೀ ದೌರ್ಬಲ್ಯ ಅಂತ ನೋಡೋದು ನಂಗೆ ಸರಿ ಕಾಣಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಹುತ್ತದ ಹತ್ರ ಅಣಬೆ ಏಳುತ್ತೆ, ಯಾವುದು ತಿನ್ನಬಹುದು ಯಾವುದು ವಿಷ ಅಂತ ನಾನೇನು ಪರೀಕ್ಷೆ ಮಾಡಿ ಕಲ್ತಿಲ್ಲ, ಅಜ್ಜಿ ಕಿತ್ತಿದ್ದನ್ನ ಕಿತ್ತೆ, ಅಜ್ಜಿ ಬಿಟ್ಟಿದ್ದನ್ನ ಬಿಟ್ಟೆ, ಅಜ್ಜಿನೂ ಹಾಗೇ ಕಲ್ತಿರೋದು. ಕೇರಿ ಪೂರ್ತಿ ಮುಟ್ಟದೇ ಇರೋ ಅಣಬೆ ಒಬ್ಬ ಧೈರ್ಯ ಮಾಡಿ ತಿಂದ್ರೆ ಅದನ್ನ ಸ್ವಾತಂತ್ರ್ಯ ಅಂತೀವಾ? ಹೊಸ ಊರಿಗೆ ಹೋದಾಗ ಹೊಳೆಯಲ್ಲಿ ಎಲ್ಲಿ ಇಳೀಬೇಕು ಅಂತ ಊರೋರು ಇಳಿಯೋ ಜಾಗ ನೋಡಿನೇ ಇಳಿಯೋದು. ಹತ್ತು ಜನರನ್ನ ನೋಡಿ ನಡೆಯೋ ಗುಣ ಇರದೇ ಇದ್ರೆ ನಾವು ಯಾರೂ ಉಳೀತಿರಲಿಲ್ಲ.

ಟೀಚರ್ ಹೇಳಿದ ಮೀಟಿಂಗಲ್ಲಿ ಕಷ್ಟ ಆಗಿದ್ದು ಏನು ಅಂದ್ರೆ, ಅಲ್ಲಿ ಆ ಹತ್ತು ಜನಕ್ಕೆ ಅವರಿಗಿಂತ ಜಾಸ್ತಿ ಏನೂ ಗೊತ್ತಿರಲಿಲ್ಲ.

ಕುಡ್ಲದಸಿಸ್ಟರ್ · ಭಾನುವಾರ ಸಂಜೆ 4:37

ನಾನು ಆಸ್ಪತ್ರೆಯಲ್ಲಿ ನರ್ಸ್, ಹದಿನಾರು ವರ್ಷ ಆಯ್ತು. ಡ್ಯೂಟಿ ಮುಗಿಸಿ ಬಂದು ಇದನ್ನೆಲ್ಲ ಒಂದೇ ಉಸಿರಿಗೆ ಓದಿದೆ ಮಾರಾಯ್ರೆ.

ನಾನು ಹೊಸತಾಗಿ ಸೇರಿದಾಗ ಒಂದು ರಾತ್ರಿ ವಾರ್ಡಿನಲ್ಲಿ ಮಾನಿಟರಿನ ಅಲಾರಾಂ ಹೊಡೆಯುತ್ತಾ ಇತ್ತು. ನಾವು ನಾಲ್ಕು ಜನ ಇದ್ದದ್ದು. ಸೀನಿಯರ್ ಸಿಸ್ಟರ್ ಫೈಲಿನಿಂದ ತಲೆ ಎತ್ತಲಿಲ್ಲ, ಇನ್ನೊಬ್ಬರು ಒಮ್ಮೆ ನೋಡಿ ಸುಮ್ಮನಾದರು. ನಾನು ಅವರ ಮುಖ ನೋಡಿದೆ, ಅವರು ಆರಾಮಾಗಿ ಇದ್ದಾರಲ್ಲ, ವಯರ್ ಸಡಿಲ ಆಗಿರಬೇಕು ಅಂತ ನಾನೂ ಕೂತೆ. ಎರಡು ನಿಮಿಷ ಆದ ಮೇಲೆ ಹೋಗಿ ನೋಡಿದರೆ ಆ ಅಜ್ಜನಿಗೆ ನಿಜವಾಗಿ ಆಕ್ಸಿಜನ್ ಇಳಿದಿತ್ತು. ದೇವರ ದಯೆ, ಏನೂ ಆಗಲಿಲ್ಲ, ಅವರು ಗುಣ ಆಗಿ ಮನೆಗೆ ಹೋದರು. ಆದರೆ ಆ ಎರಡು ನಿಮಿಷ ನಾನು ಮಾನಿಟರ್ ನೋಡ್ಲೇ ಇಲ್ಲ, ಮೂರು ಜನರ ಮುಖ ನೋಡಿದ್ದು. ಆಮೇಲೆ ಕೇಳಿದರೆ ಅವರೂ ಹಾಗೆಯೇ, ಉಳಿದವರು ಏಳಲಿಲ್ಲ ಅಂತ ಏಳಲಿಲ್ಲ.

ಮತ್ತೆ ಒಂದು ಟ್ರೈನಿಂಗಿನಲ್ಲಿ ನಮಗೆ 1968ರ ಪ್ರಯೋಗದ ಬಗ್ಗೆ ಹೇಳಿದರು, ಲಾಟಾನೆ ಮತ್ತು ಡಾರ್ಲಿ ಮಾಡಿದ್ದು. ಒಂದು ರೂಮಿನಲ್ಲಿ ಕೂತು ಫಾರಂ ತುಂಬಿಸ್ತಾ ಇರುವಾಗ ಗೋಡೆಯ ಸಂದಿಯಿಂದ ಹೊಗೆ ಬರ್ತದೆ. ಒಬ್ಬರೇ ಇದ್ದಾಗ 75% ಜನ ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಇಬ್ಬರು ಏನೂ ಆಗದವರ ಹಾಗೆ ಬರೀತಾ ಕೂತರೆ ಎದ್ದು ಹೇಳಿದ್ದು ಬರೀ 10%. ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು, ಕೈಯಲ್ಲಿ ಹೊಗೆ ಓಡಿಸಿಕೊಂಡು ಫಾರಂ ತುಂಬಿಸ್ತಾ ಕೂತರಂತೆ. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಈಗ ನಾನು ಸೀನಿಯರ್. ನನ್ನ ಕೈಕೆಳಗಿನ ಮಕ್ಕಳಿಗೆ ಮೊದಲ ದಿನವೇ ಹೇಳುವುದು, ಅಲಾರಾಂ ಹೊಡೆದರೆ ನನ್ನ ಮುಖ ನೋಡ್ಲಿಕ್ಕಿಲ್ಲ, ಪೇಷಂಟಿನ ಮುಖ ನೋಡಿ, ಸುಮ್ಮನೆ ಹೋಗಿ ಬಂದರೂ ಯಾರೂ ನಿಮಗೆ ಬೈಯುವುದಿಲ್ಲ.

ಬ್ಯಾಕೆಂಡ್‌ಬಾಲಣ್ಣ · ಭಾನುವಾರ ಸಂಜೆ 6:20

ಸಿಸ್ಟರ್, ನಿಮಗೊಂದು ದೊಡ್ಡ ನಮಸ್ಕಾರ.

ನಮ್ಮ ಸಾಫ್ಟ್‌ವೇರ್ ಕಡೆ ಇದಕ್ಕೆ ಒಂದು ಸಣ್ಣ ಉಪಾಯ ಇದೆ, ಟೀಚರ್‌ಗೆ ಉಪಯೋಗ ಆಗ್ಬಹುದು. ಒಂದು ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಟೀಮೆಲ್ಲಾ ಕೂತು ಹೇಳ್ಬೇಕಿರುತ್ತೆ, ಮೊದಲು ಲೀಡ್ ಬಾಯಿಬಿಟ್ಟು "ಎರಡು ದಿನ" ಅಂದ್ಬಿಟ್ರೆ ಮುಗೀತು, ಎಂಟು ದಿನ ಬೇಕು ಅಂತ ಗೊತ್ತಿರೋ ಹುಡುಗಿನೂ "ಹಾಂ, ಎರಡು ಮೂರು" ಅಂತಾಳೆ, ಆಮೇಲೆ ರಾತ್ರಿ ಎಲ್ಲಾ ಕೂತು ಸಾಯೋದು ಅವಳೇ. ಅದಕ್ಕೆ ಪ್ಲಾನಿಂಗ್ ಪೋಕರ್ ಅಂತ ಮಾಡ್ತಾರೆ, ಎಲ್ಲರೂ ತಮ್ಮ ನಂಬರ್ ಕಾರ್ಡ್ ಮುಚ್ಚಿಟ್ಕೊಂಡು ಒಂದೇ ಸಲ ತೆರೀಬೇಕು. ಎಂಟು ಅಂತ ತೋರಿಸಿದೋಳನ್ನ ಆಗ ಕೇಳ್ತಾರೆ, ಯಾಕಮ್ಮ ಎಂಟು ಅಂತ. ಅಲ್ಲಿಂದ ನಿಜವಾದ ಮಾತು ಶುರು ಆಗುತ್ತೆ. ನಮ್ಮ ಟೀಮಲ್ಲಿ ಇದನ್ನ ತಂದ ಮೇಲೆ ಮೂರು ವರ್ಷದಿಂದ ಬಾಯೇ ಬಿಡದಿದ್ದ ಒಬ್ಬ ಹುಡುಗ ಮಾತಾಡೋಕೆ ಶುರು ಮಾಡಿದ, ಅವನಿಗೆ ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತಿತ್ತು.

ಮೇಷ್ಟ್ರೇ, ಗೆರೆ ಪ್ರಯೋಗದಲ್ಲಿ ಉತ್ತರ ಬರೆದುಕೊಟ್ಟಿದ್ರೆ ಏನಾಗ್ತಿತ್ತು?

ಮೈಸೂರುಮೇಷ್ಟ್ರು · ಭಾನುವಾರ ಸಂಜೆ 6:44

ಅದನ್ನೂ ಮಾಡಿ ನೋಡಿದಾರೆ. ಉಳಿದೋರು ಜೋರಾಗಿ ಹೇಳಲಿ, ಇವನೊಬ್ಬ ಚೀಟಿ ಮೇಲೆ ಬರೀಲಿ ಅಂದಾಗ ತಪ್ಪು ತುಂಬಾನೇ ಇಳೀತು. ಪುಟ್ಟ ಮಕ್ಕಳಲ್ಲೂ ಹಾಗೇ, ಟೀಚರ್‌ಗೆ ಇದು ಬೇಕಾಗಬಹುದು. 2011ರಲ್ಲಿ ಜರ್ಮನಿಯಲ್ಲಿ ಹೌನ್ ಮತ್ತೆ ಟೊಮಸೆಲ್ಲೊ ನಾಲ್ಕು ವರ್ಷದ ಮಕ್ಕಳ ಮೇಲೆ ಮಾಡಿದ್ದು. ನಾಲ್ಕು ಮಕ್ಕಳಿಗೆ ಒಂದೇ ಥರ ಕಾಣೋ ಚಿತ್ರದ ಪುಸ್ತಕ ಕೊಟ್ಟು, ಒಬ್ಬರ ಪುಸ್ತಕದಲ್ಲಿ ಮಾತ್ರ ಕೆಲವು ಪುಟ ಬೇರೆ ಇಟ್ಟಿದ್ರು. ಮೂರು ಮಕ್ಕಳು ಒಂದು ಹೇಳಿದಾಗ, ತನ್ನ ಪುಸ್ತಕದಲ್ಲಿ ಬೇರೆ ಕಾಣ್ತಿದ್ರೂ 24 ಮಕ್ಕಳಲ್ಲಿ 18 ಮಕ್ಕಳು ಒಂದು ಸಲನಾದ್ರೂ ಗುಂಪಿನ ಮಾತೇ ಹೇಳಿದ್ವು. ಬೇರೆಯೋರಿಗೆ ಕೇಳದ ಹಾಗೆ ಹೇಳೋಕೆ ಬಿಟ್ಟಾಗ ಅದು ಕಮ್ಮಿ ಆಯ್ತು. ಕ್ಲಾಸಲ್ಲಿ "ಎಲ್ಲರಿಗೂ ಅರ್ಥ ಆಯ್ತಾ" ಅಂತ ಕೇಳಿದಾಗ ಬರೋ ಆ "ಆಯ್ತೂ ಮಿಸ್" ಇದೆಯಲ್ಲ, ಅದನ್ನ ಯಾವತ್ತೂ ನಂಬಬಾರದು.

ಎಂಎಹುಡುಗಿ · ಭಾನುವಾರ ರಾತ್ರಿ 8:15

ನಾನು ಮನಃಶಾಸ್ತ್ರ ಎಂಎ ಮಾಡ್ತಿದೀನಿ. ಟೀಚರ್ ಅಕ್ಕಾ, ನಲ್ಲಿ ಹತ್ರ ಒಬ್ರು, ಬಸ್ ಸ್ಟಾಪಲ್ಲಿ ಒಬ್ರು ಅಂತ ನೀವು ಬರೆದಿದ್ದನ್ನ ಓದಿದಾಗಿಂದ ತಲೇಲಿ ಅದೇ ಓಡ್ತಿದೆ. ಎಲ್ಲರಿಗೂ ಒಳಗೆ ಇಷ್ಟ ಇಲ್ಲ, ಆದ್ರೆ ಪ್ರತಿಯೊಬ್ಬರೂ ನಂಗೊಬ್ಬಳಿಗೇ ಇಷ್ಟ ಇಲ್ಲ ಅಂದ್ಕೊಂಡು ಸುಮ್ಮನಿರೋದು, ಇದನ್ನ ಫ್ಲಾಯ್ಡ್ ಆಲ್ಪೋರ್ಟ್ ಮತ್ತೆ ಡೇನಿಯಲ್ ಕಾಟ್ಜ್ 1931ರಲ್ಲೇ ಗುರುತಿಸಿ ಹೆಸರಿಟ್ಟಿದಾರೆ.

ಇತ್ತೀಚಿನ ಒಂದು ಅಧ್ಯಯನ ನಂಗೆ ತುಂಬಾ ಇಷ್ಟ, 2020ರಲ್ಲಿ ಪ್ರಕಟ ಆಗಿದ್ದು, ಸೌದಿ ಅರೇಬಿಯಾದ್ದು. ಮದುವೆಯಾದ ಯುವಕರನ್ನ, ಹೆಂಗಸರು ಮನೆಯಿಂದಾಚೆ ಕೆಲಸಕ್ಕೆ ಹೋಗೋದು ನಿಮಗೆ ಒಪ್ಪಿಗೆನಾ ಅಂತ ಗುಟ್ಟಾಗಿ ಕೇಳಿದ್ರೆ ಬಹುಪಾಲು ಜನ ಒಪ್ಪಿಗೆ ಅಂದ್ರು. ಆದ್ರೆ ನಿಮ್ಮ ಅಕ್ಕಪಕ್ಕದೋರು ಒಪ್ತಾರಾ ಅಂದ್ರೆ, ಇಲ್ಲ, ಅವರು ಒಪ್ಪೋದು ಕಷ್ಟ ಅಂದ್ರು. ಅದೇ ಅಕ್ಕಪಕ್ಕದೋರು ಅಲ್ಲೇ ಕೂತಿದ್ರು! ಆಮೇಲೆ ಕೆಲವರಿಗೆ ನಿಜವಾದ ಲೆಕ್ಕ ಹೇಳಿದ್ರು, ನೋಡಿ ಇಷ್ಟು ಜನ ನಿಮ್ಮ ಥರಾನೇ ಯೋಚಿಸ್ತಾರೆ ಅಂತ. ಆ ಲೆಕ್ಕ ಕೇಳಿದ ಗಂಡಸರು ಹೆಂಡತಿ ಹೆಸರನ್ನ ಕೆಲಸ ಹುಡುಕಿಕೊಡೋ ಕಡೆ ಬರೆಸಿದ್ದು ಜಾಸ್ತಿ. ಯಾರೂ ಅವರಿಗೆ ಭಾಷಣ ಮಾಡಿರಲಿಲ್ಲ, ಪಕ್ಕದವನ ಮನಸ್ಸಲ್ಲಿ ಏನಿದೆ ಅಂತ ಹೇಳಿದ್ರು ಅಷ್ಟೆ.

ಅಕ್ಕಾ, ನಿಮ್ಮ ಹದಿನಾಲ್ಕು ಜನರಲ್ಲಿ ಎಷ್ಟು ಜನಕ್ಕೆ ಇಷ್ಟ ಇಲ್ಲ ಅಂತ ಒಂದು ಸಲ ಎಣಿಸಿ ನೋಡಿ ಪ್ಲೀಸ್.

ತುಂಗೆತೀರ · ಭಾನುವಾರ ರಾತ್ರಿ 9:30

ಎಣಿಸೋಕೆ ಶುರು ಮಾಡಿದೀನಿ. ಗಣಿತದ ಮೇಡಂಗೆ ಫೋನ್ ಮಾಡಿದೆ, ನಾವಿಬ್ಬರೂ ಸೇರಿ ಇನ್ನೂ ನಾಲ್ಕು ಜನಕ್ಕೆ ಮಾಡಿದ್ವಿ. ಆರು ಜನರಲ್ಲಿ ಐದು ಜನಕ್ಕೆ ಇಷ್ಟ ಇಲ್ಲ. ಬುಧವಾರ ಮತ್ತೆ ಮೀಟಿಂಗ್ ಇದೆ. ಆದ್ರೆ ಐದೂ ಜನ ಮಾತಾಡ್ತೀವಿ ಅನ್ನಲ್ಲ, ಇಬ್ಬರು ಮಾತ್ರ ಧೈರ್ಯ ಮಾಡ್ತೀವಿ, ನಾನು ಮತ್ತೆ ಗಣಿತದ ಮೇಡಂ. ಹದಿನಾಲ್ಕರಲ್ಲಿ ಇಬ್ಬರು ಸಾಕಾಗ್ತೀವಾ ಮೇಷ್ಟ್ರೇ?

ಮೈಸೂರುಮೇಷ್ಟ್ರು · ಭಾನುವಾರ ರಾತ್ರಿ 10:20

ಟೀಚರ್, ಇದನ್ನ ನಿಧಾನವಾಗಿ ಓದಿ.

ಆಶ್ ಗುಂಪಿನ ಗಾತ್ರ ಬದಲಾಯಿಸಿ ನೋಡಿದ್ರು. ಎದುರಿಗೆ ಒಬ್ಬನೇ ಇದ್ರೆ ತಪ್ಪು 3.6%, ಇಬ್ಬರಾದ್ರೆ 13.6%, ಮೂವರಾದ್ರೆ 31.8%. ಮೂವರಾದ ಮೇಲೆ ಎಷ್ಟೇ ಸೇರಿಸಿದ್ರೂ ಹೆಚ್ಚೇನೂ ಏರಲಿಲ್ಲ. ಆಮೇಲೆ ಗುಂಪಲ್ಲಿ ಒಬ್ಬನಿಗೆ ಮಾತ್ರ ಸರಿ ಉತ್ತರ ಹೇಳು ಅಂತ ಹೇಳಿಕೊಟ್ರು. ಒಬ್ಬನೇ ಒಬ್ಬ ಜೊತೆಗಾರ. ತಪ್ಪು ನಾಲ್ಕನೇ ಒಂದು ಭಾಗಕ್ಕೆ ಇಳಿದುಹೋಯ್ತು. ಆ ಜೊತೆಗಾರನ ಮೇಲೆ ಇವರಿಗೆ ಆತ್ಮೀಯತೆ ಹುಟ್ಟಿತ್ತು, ಆದ್ರೂ ಅವನಿಂದಲೇ ತಾವು ಗಟ್ಟಿಯಾಗಿ ನಿಂತಿದ್ದು ಅಂತ ಒಪ್ಪಲಿಲ್ಲ.

ಇಲ್ಲಿಂದ ಮುಂದಿನದು ನಿಮಗೆ ಮುಖ್ಯ. ಒಂದು ಸರಣಿಯಲ್ಲಿ ಆ ಜೊತೆಗಾರ ಮೊದಲ ಆರು ಸುತ್ತು ಸರಿ ಹೇಳಿ, ಆಮೇಲೆ ಗುಂಪಿನ ಕಡೆ ಹೋಗ್ಬಿಡ್ತಾನೆ. ಇವನ ತಪ್ಪು ದಿಢೀರ್ ಅಂತ ಮತ್ತೆ ಮೊದಲಿನ ಮಟ್ಟಕ್ಕೆ ಏರ್ತು. ಇನ್ನೊಂದರಲ್ಲಿ ಜೊತೆಗಾರ ಅರ್ಧಕ್ಕೆ, ಡೀನ್ ಹತ್ರ ಅಪಾಯಿಂಟ್‌ಮೆಂಟ್ ಇದೆ ಅಂತ ಎದ್ದು ಹೊರಟುಹೋಗ್ತಾನೆ. ಆಗ ತಪ್ಪು ಸ್ವಲ್ಪ ಏರಿದ್ರೂ ಅಷ್ಟೊಂದು ಏರಲಿಲ್ಲ, ಅವನು ರೂಮಲ್ಲಿ ಇಲ್ಲದೇ ಇದ್ರೂ ಅವನು ಕೊಟ್ಟ ಬಲ ಉಳಿದಿತ್ತು. ಅದಕ್ಕೇ ಹೇಳೋದು, ನೀವಿಬ್ಬರೂ ಏನು ಬೇಕಾದ್ರೂ ಮಾಡಿ, ಮಧ್ಯದಲ್ಲಿ ಒಬ್ಬರು ಆ ಕಡೆ ವಾಲಬೇಡಿ.

1969ರಲ್ಲಿ ಫ್ರಾನ್ಸಿನ ಸರ್ಜ್ ಮಾಸ್ಕೋವಿಸಿ ಇದನ್ನ ತಿರುಗಿಸಿ ಕೇಳಿದ್ರು, ಕಮ್ಮಿ ಜನ ಇರೋರು ಜಾಸ್ತಿ ಜನರನ್ನ ಬದಲಾಯಿಸಬಹುದಾ ಅಂತ. ಆರು ಜನರ ಗುಂಪಲ್ಲಿ ಇಬ್ಬರು ಹೇಳಿಕೊಟ್ಟೋರು, ನೀಲಿ ಸ್ಲೈಡ್ ತೋರಿಸಿದ್ರೆ ಹಸಿರು ಅಂತಾರೆ. 36 ಸ್ಲೈಡಿಗೂ ಒಂದೇ ಮಾತು ಹಿಡಿದು ಹೇಳಿದಾಗ ಉಳಿದೋರ ಉತ್ತರದಲ್ಲಿ 8.4% ಹಸಿರು ಆಯ್ತು. ಒಂದು ಸಲ ಹಸಿರು ಒಂದು ಸಲ ನೀಲಿ ಅಂತ ಬದಲಾಯಿಸಿದ್ರೆ 1.25% ಅಷ್ಟೆ. ನೀಲಿನ ಹಸಿರು ಅನ್ನೋ ಸುಳ್ಳಿಗೇ ಅಷ್ಟು ನಡೀತು ಅಂದ್ರೆ, ನಿಮ್ಮ ಹತ್ರ ಇರೋದು ನಿಜ.

ಅಡ್ಡಮಾತು · ಭಾನುವಾರ ರಾತ್ರಿ 10:41

8% ಅಂದ್ರೆ ಜಾಸ್ತಿ ಅಲ್ಲ ಅನ್ನೋದೂ ಟೀಚರ್‌ಗೆ ಗೊತ್ತಿರಲಿ, ಬುಧವಾರ ಎಲ್ಲಾ ತಿರುಗುತ್ತೆ ಅಂತ ಆಸೆ ಕೊಡೋದು ಬೇಡ. ಆದ್ರೆ ಒಂದು ಕೆಲಸ ಮಾಡಿ, ಮಾತಾಡೋ ಸರದಿ ಆ ತುದಿಯಿಂದ ಶುರು ಆಗೋಕೆ ಬಿಡಬೇಡಿ. ಗಣಿತದ ಮೇಡಂನ ಆ ತುದಿಲಿ ಕೂರಿಸಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ.

ಧಾರವಾಡಫೇಡಾ · ಸೋಮವಾರ ಬೆಳಗ್ಗೆ 7:12

ಅಡ್ಡಮಾತು ಅವರ ಮಾತು ಖರೇ ಐತಿ ನೋಡ್ರಿ. ಟೀಚರ್, ಬುಧವಾರ ಏನಾತು ಅಂತ ಮರೀದ ಬರೀರಿ, ನಾವೆಲ್ಲಾ ಕಾಯ್ತೇವಿ.

ತುಂಗೆತೀರ · ಬುಧವಾರ ರಾತ್ರಿ 8:55

ಮೀಟಿಂಗ್ ಆಯ್ತು. ಅಡ್ಡಮಾತು ಅವರು ಹೇಳಿದಂಗೇ ಗಣಿತದ ಮೇಡಂ ತುದಿಯಲ್ಲಿ ಕೂತ್ರು, ನಾನು ಪಕ್ಕದಲ್ಲಿ. ಸ್ಕೂಲ್ ಡೇ ವಿಷಯ ಬಂದ ತಕ್ಷಣ ಅವರು ಎದ್ದು ನಿಂತು, ಸರ್, ಹಿಂದಿನ ಸಲ ನಾನು ಸರಿ ಅಂದಿದ್ದು ನನ್ನ ಮನಸ್ಸಿನ ಮಾತಲ್ಲ, ಮಕ್ಕಳನ್ನ ಬಿಡೋದು ನಂಗೆ ಒಪ್ಪಿಗೆ ಇಲ್ಲ ಅಂದ್ರು. ಧ್ವನಿ ನಡುಗ್ತಿತ್ತು. ರೂಮಲ್ಲಿ ಫ್ಯಾನ್ ಸದ್ದು ಬಿಟ್ಟು ಏನಿಲ್ಲ. ನಂಗೆ ಆ ಕ್ಷಣ ಮತ್ತೆ ಅದೇ ಗಂಟಲು ಕಟ್ಟೋದು ಬಂತು, ಮೇಷ್ಟ್ರು ಬರೆದಿದ್ದು ನೆನಪಾಯ್ತು, ಆ ಕಡೆ ವಾಲಿದ ಜೊತೆಗಾರ ಆಗಬಾರದು ಅಂತ ಎದ್ದೆ, ನಂದೂ ಅದೇ ಮಾತು ಸರ್ ಅಂದೆ. ಅಷ್ಟೇ ಬಂದಿದ್ದು ಬಾಯಿಗೆ. ತಯಾರಿ ಮಾಡ್ಕೊಂಡು ಹೋಗಿದ್ದೆಲ್ಲಾ ಮರ್ತೋಯ್ತು.

ಆಮೇಲೆ ಮೂರನೆಯೋರು ಎದ್ರು, ಭಾನುವಾರ ಫೋನಲ್ಲಿ "ನನ್ನ ಸೇರಿಸ್ಬೇಡಿ" ಅಂದಿದ್ದ ಕನ್ನಡ ಮೇಡಂ. ಆಮೇಲೆ ಪಿಟಿ ಸರ್. ಹಿಂದಿನ ಸಲ ಮೊಟ್ಟಮೊದಲು "ಸರಿ ಸರ್" ಅಂದಿದ್ದ ಸೀನಿಯರ್ ಕೂಡ, ಫೀಸ್ ವಿಷಯ ಅಪ್ಪ ಅಮ್ಮನ ಹತ್ರ ಮಾತಾಡೋಣ, ಮಕ್ಕಳನ್ನ ಇದರಲ್ಲಿ ತರೋದು ಬೇಡ ಅಂದ್ರು. ಎಲ್ಲರೂ ಬದಲಾಗಲಿಲ್ಲ, ನಾಲ್ಕು ಜನ ಮೊದಲಿನ ಮಾತೇ ಸರಿ ಅಂದ್ರು, ಇನ್ನು ಕೆಲವರು ಏನೂ ಹೇಳಲಿಲ್ಲ. ಮ್ಯಾನೇಜ್‌ಮೆಂಟ್ ಕಡೆಯಿಂದ ಬಂದಿದ್ದೋರಿಗೆ ಸಿಟ್ಟು ಬಂತು, ನನ್ನ ಹೆಸರು ಬರ್ಕೊಂಡ್ರು ಅನ್ಸುತ್ತೆ. ಆದ್ರೆ ಮಕ್ಕಳನ್ನ ವಾಪಸ್ ತಗೊಳ್ಳೋದು ಅಂತ ಆಯ್ತು.

ಇವತ್ತು ಮಧ್ಯಾಹ್ನ ರಿಹರ್ಸಲ್‌ಗೆ ನನ್ನ ಕ್ಲಾಸಿನ ಎರಡು ಮಕ್ಕಳು ಓಡ್ಕೊಂಡು ಬಂದ್ರು. ಕೋಲಾಟದ ಹುಡುಗ ಬಂದಿಲ್ಲ. ಸೋಮವಾರದಿಂದ ಸ್ಕೂಲಿಗೇ ಬಂದಿಲ್ಲ, ಅವನಮ್ಮನಿಗೆ ಫೋನ್ ಮಾಡಿದ್ರೆ "ನಾನು ಬರಲ್ಲ ಅಂತ ಮೂಲೆ ಹಿಡಿದು ಕೂತಿದಾನೆ ಮಿಸ್" ಅಂದ್ರು. ನಾಳೆ ಸ್ಕೂಲ್ ಬಿಟ್ಟ ಮೇಲೆ ಅವರ ಮನೆಗೆ ಹೋಗ್ತಿದೀನಿ. ಕೋಲಾಟದಲ್ಲಿ ಅವನ ಎದುರು ಕೋಲು ಹಿಡಿಯೋ ಹುಡುಗ ತಾನೂ ಬರ್ತೀನಿ ಅಂದಿದಾನೆ, ಅವರಮ್ಮನ ಹತ್ರ ಕೇಳಿ ಅವನನ್ನೂ ಕರ್ಕೊಂಡು ಹೋಗ್ತೀನಿ.